ಕಾಲೇಜು ಮನೆಯಿಂದಲೇ ನಡೆಯುವಾಗ: ಎಲ್ಲಿಂದ ಆರಂಭಿಸಬೇಕು?

ತರಗತಿ, ಕಚೇರಿ ಎರಡೂ ಮನೆಗೆ ಬಂದಾಗ ಕಾಲೇಜುಗಳು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ ಇದ್ದ ವೇಳಾಪಟ್ಟಿಯನ್ನು ಇದ್ದಂತೆಯೇ ವಿಡಿಯೊ ಕರೆಗೆ ಏರಿಸುವುದು. 2020ರಲ್ಲಿ ಕೋವಿಡ್‌ನಿಂದಾಗಿ ಲೋಕದ ಬಹುತೇಕ ದೇಶಗಳಲ್ಲಿ ತರಗತಿಗಳು ಮುಚ್ಚಿದಾಗ ಎಷ್ಟೋ ಕಡೆ ಆದದ್ದು ಇದೇ. ಪಾಠಗಳೇನೋ ನಡೆದವು, ಕೇಳುವವರು ಕರಗುತ್ತಾ ಹೋದರು. ಹಾಗಾಗಬಾರದೆಂದರೆ ವಿದ್ಯಾರ್ಥಿ ಕುಳಿತಿರುವ ಜಾಗದಿಂದ ಯೋಜನೆಯನ್ನು ಆರಂಭಿಸಬೇಕು.

ಮೊದಲು ಕೇಳಿ. ಯಾರ ಬಳಿ ಏನಿದೆ ಎಂಬುದನ್ನು ಆನ್‌ಲೈನ್ ಫಾರ್ಮ್ ಕಳುಹಿಸಿ ತಿಳಿಯಲು ಹೋಗಬೇಡಿ. ನೆಟ್‌ವರ್ಕ್ ಸಿಗದವರು ಆ ಫಾರ್ಮನ್ನೇ ತೆರೆಯಲಾರರು. ಹೀಗಾಗಿ ಬಂದ ಉತ್ತರಗಳೆಲ್ಲ ತೊಂದರೆಯಿಲ್ಲ ಎಂದೇ ಹೇಳುತ್ತವೆ. ಒಬ್ಬೊಬ್ಬ ಅಧ್ಯಾಪಕರೂ ಹದಿನೈದಿಪ್ಪತ್ತು ವಿದ್ಯಾರ್ಥಿಗಳನ್ನು ಹಂಚಿಕೊಂಡು ಫೋನ್ ಮಾಡುವುದೇ ಸರಿಯಾದ ದಾರಿ. ಪ್ರಶ್ನೆಯೂ ನಿಖರವಾಗಿರಲಿ. ‘ಮೊಬೈಲ್ ಇದೆಯೇ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ಬೆಳಿಗ್ಗೆ ಹತ್ತು ಗಂಟೆಗೆ ಅದು ಯಾರ ಕೈಯಲ್ಲಿರುತ್ತದೆ?’ ಎಂದು ಕೇಳಿದಾಗಲೇ, ಆ ಫೋನು ಕೆಲಸಕ್ಕೆ ಹೋದ ಅಪ್ಪನ ಜೇಬಿನಲ್ಲಿರುತ್ತದೆ, ಮನೆ ಸೇರುವುದು ರಾತ್ರಿ ಎಂಟಕ್ಕೆ ಎಂಬುದು ಗೊತ್ತಾಗುವುದು.

ಪಾಠವನ್ನು ಹಗುರಗೊಳಿಸಿ. ಇಲ್ಲೊಂದು ಸಣ್ಣ ಲೆಕ್ಕವಿದೆ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಹರಿಯುವ ವಿಡಿಯೊ ಒಂದು ಗಂಟೆಗೆ ಸುಮಾರು 450 ಎಂಬಿ ಡೇಟಾ ನುಂಗುತ್ತದೆ; ದಿನಕ್ಕೆ ಐದು ತರಗತಿಗಳಾದರೆ ಅದು 2 ಜಿಬಿ ದಾಟುತ್ತದೆ. ಅದೇ ಪಾಠವನ್ನು ಸೆಕೆಂಡಿಗೆ 64 ಕಿಲೋಬಿಟ್‌ನ ಧ್ವನಿಮುದ್ರಿಕೆಯಾಗಿ ಕೊಟ್ಟರೆ ಗಂಟೆಗೆ 29 ಎಂಬಿ ಸಾಕು, ಮಾತು ಸ್ಪಷ್ಟವಾಗಿಯೇ ಕೇಳಿಸುತ್ತದೆ. ಆದ್ದರಿಂದ ವಿವರಣೆಯ ಭಾಗವನ್ನು ಹತ್ತು ಹನ್ನೆರಡು ನಿಮಿಷಗಳ ತುಣುಕುಗಳಾಗಿ ಧ್ವನಿಮುದ್ರಿಸಿ, ಜೊತೆಗೆ ಟೈಪ್ ಮಾಡಿದ ಟಿಪ್ಪಣಿ ಕೊಟ್ಟು, ನೇರ ತರಗತಿಯನ್ನು ಸಂದೇಹ ಪರಿಹಾರಕ್ಕೆಂದೇ ಮೀಸಲಿಡಿ. ಶ್ರವಣದೋಷ ಇರುವವರಿಗೆ ಆ ಟಿಪ್ಪಣಿಯೇ ಪಾಠ. 2002ರಿಂದ ಬಳಕೆಯಲ್ಲಿರುವ ಮೂಡಲ್‌ನಂಥ ಕಲಿಕಾ ತಾಣಗಳ ಮೊಬೈಲ್ ಆ್ಯಪ್‌ನಲ್ಲಿ ಪಾಠಗಳನ್ನು ಇಳಿಸಿಕೊಂಡು ಆಮೇಲೆ ಇಂಟರ್ನೆಟ್ ಇಲ್ಲದೆಯೂ ಓದಬಹುದು. ರಾತ್ರಿ ಎಂಟಕ್ಕೆ ಫೋನು ಕೈಗೆ ಸಿಗುವ ಹುಡುಗಿಗೆ ಇದು ನಿಜವಾದ ಅನುಕೂಲ. (ಕೈಬರಹದ ನಲವತ್ತು ಪುಟಗಳ ಫೋಟೊ ತೆಗೆದು ಗ್ರೂಪಿಗೆ ಸುರಿಯುವ ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಡಿ.)

ಕ್ಯಾಮೆರಾ ಕಡ್ಡಾಯ ಮಾಡಬೇಡಿ. ಹಾಜರಿಗಾಗಿ ಮುಖ ತೋರಿಸಲೇಬೇಕೆನ್ನುವುದು ನನ್ನ ದೃಷ್ಟಿಯಲ್ಲಿ ತಪ್ಪು ನಿಯಮ. ವಿಡಿಯೊ ಕರೆಗಳ ದಣಿವಿನ ಬಗ್ಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್‌ಸನ್ 2021ರ ಲೇಖನದಲ್ಲಿ ನಾಲ್ಕು ಕಾರಣಗಳನ್ನು ಮುಂದಿಟ್ಟರು: ತೀರಾ ಹತ್ತಿರದಿಂದ ನಾಟಿರುವ ಕಣ್ಣುಗಳು, ಸದಾ ಎದುರಿಗಿರುವ ಸ್ವಂತ ಮುಖ, ಅಲುಗಾಡದೆ ಕೂರಬೇಕಾದ ಕಟ್ಟುಪಾಡು, ಹಾವಭಾವ ಅರಿಯಲು ಮಿದುಳು ಪಡುವ ಹೆಚ್ಚಿನ ಶ್ರಮ. ಹಾಜರಿಯೇ ಬೇಕಿದ್ದರೆ ಪಾಠದ ಕೊನೆಗೆ ಎರಡು ಸಾಲಿನ ಉತ್ತರ ಕೇಳಿ. ಅದು ಎಸ್‌ಎಂಎಸ್‌ನಲ್ಲಿ ಬಂದರೂ ಸ್ವೀಕರಿಸಿ.

ಪ್ರಯೋಗಾಲಯದ ಕೈಚಳಕ ತೆರೆಯ ಮೇಲೆ ಬರುವುದಿಲ್ಲ. ಅದನ್ನು ಮುಂದೂಡಿ, ಸದ್ಯಕ್ಕೆ ಪ್ರಯೋಗದ ಅಳತೆಗಳನ್ನು ಕೊಟ್ಟು ವಿಶ್ಲೇಷಣೆ ಬರೆಸಿ. ಪರೀಕ್ಷೆಗೆ ಪುಸ್ತಕ ನೋಡಿ ಬರೆಯುವ ಪ್ರಶ್ನೆಗಳನ್ನಿಟ್ಟು 24 ಗಂಟೆ ಕಾಲಾವಕಾಶ ಕೊಡಿ.

ಸಿಬ್ಬಂದಿಯನ್ನು ಮರೆಯಬೇಡಿ. ಸಿಬ್ಬಂದಿ ಎಂದರೆ ಅಧ್ಯಾಪಕರಷ್ಟೇ ಅಲ್ಲ. ಶುಲ್ಕ ವಿಭಾಗದ ಗುಮಾಸ್ತರು, ಗ್ರಂಥಾಲಯ ಸಹಾಯಕರು, ಅಟೆಂಡರ್‌ಗಳಿಗೂ ಮನೆಯಿಂದ ಮಾಡಬಹುದಾದ ಕೆಲಸ ಯಾವುದು, ಅದಕ್ಕೆ ಬೇಕಾದ ಲ್ಯಾಪ್‌ಟಾಪ್ ಮತ್ತು ಇಂಟರ್ನೆಟ್ ವೆಚ್ಚ ಯಾರದು ಎಂಬುದು ಲಿಖಿತ ಆದೇಶದಲ್ಲಿರಬೇಕು. ಅಂಕಪಟ್ಟಿಗಳು ಖಾಸಗಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಬಾರದು. ಸಂಜೆ ಆರರ ನಂತರ ತುರ್ತಲ್ಲದ ಸಂದೇಶ ಕಳುಹಿಸಬಾರದೆಂಬ ನಿಯಮ ಮಾಡಿದರೆ ಅದನ್ನು ಮೊದಲು ಪಾಲಿಸಬೇಕಾದವರು ಪ್ರಾಂಶುಪಾಲರು. ಅವರು ಹತ್ತು ಗಂಟೆಗೆ ‘ನೋಡಿ ತಿಳಿಸಿ’ ಎಂದು ಬರೆದರೆ ನಿಯಮ ಅಲ್ಲಿಗೆ ಮುಗಿಯಿತು.

ಕಾಣೆಯಾದವರನ್ನು ಹುಡುಕಿ. ಒಂದು ವಾರ ಸುಳಿವಿಲ್ಲದ ವಿದ್ಯಾರ್ಥಿಗೆ ಫೋನ್ ಮಾಡಿ. ‘ಯಾಕೆ ಕ್ಲಾಸಿಗೆ ಬಂದಿಲ್ಲ?’ ಎಂದು ಶುರುಮಾಡಿದರೆ ಸಿಗುವುದು ನೆಪ ಮಾತ್ರ. ‘ಹೇಗಿದ್ದೀಯಮ್ಮಾ, ಮನೆಯಲ್ಲಿ ಎಲ್ಲರೂ ಆರಾಮವೇ?’ ಎಂದು ಕೇಳಿ ಸ್ವಲ್ಪ ಸುಮ್ಮನಿರಿ. ಬದುಕೇ ಬೇಡವೆಂಬ ಮಾತು ಬಂದರೆ, ಆತ್ಮಹತ್ಯೆಯ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬಹುದು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕರೆ ಕಡಿಯದೆ, ಜೊತೆಯಲ್ಲಿ ಯಾರಿದ್ದಾರೆಂದು ತಿಳಿದುಕೊಂಡು, ಆಪ್ತಸಮಾಲೋಚಕರಿಗೆ ಅಂದೇ ದಾಟಿಸಿ. ಇಂಥ ಕರೆಯ ಮರುದಿನ ಮತ್ತೆ ಫೋನ್ ಮಾಡಬೇಕಾದವರು ಯಾರೆಂಬುದನ್ನು ಮೊದಲೇ ಹೆಸರು ಹಾಕಿ ಬರೆದಿಟ್ಟುಕೊಂಡಿರಿ.