ಟೆಕ್ಸ್ಚರ್ ಗೋಡೆ, ಮರದ ಬೀಡಿಂಗ್, ನಡುವೆ ನೇರ ಗೆರೆ: ನನ್ನ ಅನುಭವ

ಟೆಕ್ಸ್ಚರ್, ಅಂದರೆ ಉಬ್ಬುತಗ್ಗಿನ ಗೋಡೆ ಮರದ ಅಂಚಿಗೆ ಸೇರುವ ಕಡೆ ಬಣ್ಣ ತಡೆಯಲು ಮಾಸ್ಕಿಂಗ್ ಟೇಪ್ ಕೆಲಸಕ್ಕೆ ಬರುವುದಿಲ್ಲ, ಕೈಯಲ್ಲೇ ಕಟಿಂಗ್ (ಟೇಪಿಲ್ಲದೆ ಬ್ರಷ್‌ನಲ್ಲಿ ಅಂಚು ಬಳಿಯುವುದು) ಮಾಡಬೇಕು ಎಂದು ಮಡಿಕೇರಿಯ ಹಳೇ ಮೇಸ್ತ್ರಿಗಳು ಹೇಳುತ್ತಲೇ ಬಂದಿದ್ದಾರೆ. ಗೋಡೆಗೆ ಟೇಪ್ ಹಚ್ಚುವವರ ಮಟ್ಟಿಗೆ ಅದು ನಿಜ. ಟೇಪನ್ನು ಮರಕ್ಕೆ ಹಚ್ಚಿ, ಗೋಡೆಯನ್ನು ಕೊನೆಗೆ ಬಳಿದರೆ ಗೆರೆ ಬರುತ್ತದೆ. ಈ ಸಲ ಒಂದು ಹೋಂಸ್ಟೇಯಲ್ಲಿ ಬಾಗಿಲ ಚೌಕಟ್ಟು, ಸ್ಕರ್ಟಿಂಗ್ (ಗೋಡೆ ಬುಡದ ಮರದ ಪಟ್ಟಿ), ಚಾವಣಿ ಬೀಡಿಂಗ್ (ಅಂಚಿನ ಮರದ ಪಟ್ಟಿ) ಎಲ್ಲ ಸೇರಿ ಹತ್ತಿರ ಹತ್ತಿರ 400 ರನ್ನಿಂಗ್ ಫೀಟ್ ಜುಲೈ ಮಳೆಯಲ್ಲೇ ಮುಗಿಯಿತು. ಟಚಪ್ ಬೇಕಾದದ್ದು ಎರಡೇ ಕಡೆ. ಬೇಡ ಎಂದವರೇ ಬಂದು ಟಾರ್ಚ್ ಹಿಡಿದು ನೋಡಿ ಹೋದರು.

ಬಣ್ಣ ಒಳಗೆ ನುಗ್ಗುವುದು ಟೇಪ್ ಕೆಟ್ಟದ್ದೆಂದು ಅಲ್ಲ. ಟೆಕ್ಸ್ಚರಿನ ಉಬ್ಬುಗಳ ಮೇಲೆ ಟೇಪ್ ಕೂರುತ್ತದೆ, ತಗ್ಗುಗಳ ಮೇಲೆ ಸೇತುವೆಯ ಹಾಗೆ ನಿಲ್ಲುತ್ತದೆ. ಆ ಸಂದಿಗಳು ತೆಳು ಎಮಲ್ಶನ್ನನ್ನು ಬತ್ತಿಯಂತೆ ಎಳೆದುಕೊಳ್ಳುತ್ತವೆ. ರೋಲರಿಗೆಂದು ನೀರು ಕಲಸಿದ ಬಣ್ಣವನ್ನೇ ಅಂಚಿಗೂ ಬಳಸಿದರೆ ಇನ್ನೂ ಕೆಟ್ಟದಾಗುತ್ತದೆ. ಅಂಚಿಗೆ ನೀರು ಹತ್ತರಲ್ಲಿ ಒಂದು ಪಾಲು ದಾಟಬಾರದು.

ದುಡ್ಡು ಹೋದದ್ದು ಸಿಲಿಕಾನಿನಲ್ಲಿ. ಮರಕ್ಕೂ ಗೋಡೆಗೂ ನಡುವಿನ ಸಂದಿಗೆ ಬಿಳಿ ಸಿಲಿಕಾನ್ ಸೀಲೆಂಟ್ (ಸಂದಿ ತುಂಬುವ ಅಂಟು) ಎಳೆದು ಮೇಲೆ ಬಣ್ಣ ಕೊಟ್ಟರೆ ಕಣ್ಣು ಕಣ್ಣಾಗಿ ಬಿಟ್ಟುಕೊಳ್ಳುತ್ತದೆ, ಒಣಗಿದ ಮೇಲೆ ಸಿಪ್ಪೆಯಂತೆ ಎದ್ದು ಬರುತ್ತದೆ. ಕಟರಿನಿಂದ ಕೊಯ್ದು ತೆಗೆದರೂ ಅದರ ಜಿಡ್ಡು ಉಳಿದು ಬೇರೇನೂ ಹಿಡಿಯುವುದಿಲ್ಲ, ಉಪ್ಪು ಕಾಗದ ಹಾಕಿ ತಳದವರೆಗೆ ಉಜ್ಜಲೇಬೇಕು. ಒಂದು ಹಾಲ್‌ ಕೋಣೆಗೆ ಎರಡು ಆಳಿನ ಎರಡು ದಿನ, ಸಾಮಾನು ಸೇರಿ ಆರು ಸಾವಿರದಷ್ಟು ನಷ್ಟ. ಅಲ್ಲಿಗೆ ಬೇಕಾದದ್ದು ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟ್.

ಆ ಸಂದಿಗೆ ಗೋಡೆ ಪುಟ್ಟಿ ತುಂಬಿಯೂ ನೋಡಿದ್ದಾಯಿತು. ಕಕ್ಕಡದಲ್ಲಿ (ಜುಲೈ–ಆಗಸ್ಟ್‌ನ ಜೋರು ಮಳೆಯ ಕೊಡಗಿನ ತಿಂಗಳು) ಉಬ್ಬಿಕೊಂಡ ಚೌಕಟ್ಟು, ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚಿನ ಒಣಹವೆಯಲ್ಲಿ ಕುಗ್ಗುತ್ತದೆ, ಪುಟ್ಟಿ ಅದರ ಜೊತೆ ಸರಿಯುವುದಿಲ್ಲ. ಫೆಬ್ರವರಿ ಮುಗಿಯುವಷ್ಟರಲ್ಲಿ ಕೂದಲೆಳೆ ಬಿರುಕು ಕಾಣುತ್ತದೆ. ಅಕ್ರಿಲಿಕ್ ಎಳೆದರೆ ಬಗ್ಗುತ್ತದೆ, ಅಷ್ಟು ಸಾಕು.

ಮೊದಲು ಮರದ ಕೆಲಸ ಪೂರ್ತಿ ಆಗಬೇಕು. ಪಾಲಿಶ್ ಆಗಲಿ ಎನಾಮೆಲ್ ಆಗಲಿ, ಗೋಡೆ ಕಡೆಗೆ ಸ್ವಲ್ಪ ಹರಿದರೂ ಪರವಾಗಿಲ್ಲ. ಮಳೆ ಕಡಿಮೆ ಇರುವ ಕುಶಾಲನಗರದ ಕಡೆ ಮೂರು ದಿನ ಒಣಗಲು ಬಿಟ್ಟರೆ ನಡೆಯುತ್ತದೆ, ಭಾಗಮಂಡಲದ ಮಳೆಯಲ್ಲಿ ವಾರವೇ ಬೇಕು. ಅರ್ಧ ಒಣಗಿದ ಮೆಲಮೈನ್ ಪಾಲಿಶ್ ಮೇಲೆ ಟೇಪ್ ಹಚ್ಚಿದರೆ ಗುರುತು ಬೀಳುತ್ತದೆ.

ಮರಕ್ಕೆ ತಾಗುವ ಕಡೆ ಟೆಕ್ಸ್ಚರನ್ನು 3–4 ಮಿ.ಮೀ. ಅಗಲಕ್ಕೆ ಸಪಾಟು ಮಾಡಬೇಕು. ಹೊಸ ಟೆಕ್ಸ್ಚರ್ ಆದರೆ ಹಸಿ ಇರುವಾಗಲೇ ಐಸ್‌ಕ್ರೀಂ ಕಡ್ಡಿ ಎಳೆದರೆ ಮುಗಿಯಿತು. ಹಳೆಯದಕ್ಕೆ ಚಪ್ಪಟೆ ಸ್ಕ್ರೂಡ್ರೈವರ್, ಮೇಲೆ 80 ನಂಬರ್ ಉಪ್ಪು ಕಾಗದ. ಇದನ್ನು ಬಿಟ್ಟರೆ ಮುಂದಿನದೆಲ್ಲ ದಂಡ. ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಗೋಡೆಗೆ ರೋಲರಿನಲ್ಲಿ ಎರಡು ಕೋಟ್ ಕೊಟ್ಟು ಅಂಚಿನ ಹತ್ತಿರದವರೆಗೆ ತಂದುಬಿಡಿ. ಈ ಹೊತ್ತಿನಲ್ಲಿ ಪಾಲಿಶ್ ಮೇಲೆ ಹನಿ ಸಿಡಿಯುತ್ತದೆ ಎಂದೇ ಮೇಸ್ತ್ರಿಗಳು ಮರವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಪ್ಲಾಸ್ಟಿಕ್ ಹೊದಿಸಿದರೆ ಆ ಭಯ ಇಲ್ಲ.

ಆಮೇಲೆ ನೀಲಿ ಟೇಪ್ ಮರದ ಅಂಚಿಗೆ. ಬೆರಳಲ್ಲಿ ಒತ್ತಿದರೆ ಸಾಲದು, ಪುಟ್ಟಿ ಬ್ಲೇಡಿನಿಂದ ಉಜ್ಜಬೇಕು. ಸೀಲೆಂಟಿನ ಮೂತಿಯನ್ನು ಓರೆಯಾಗಿ 2–3 ಮಿ.ಮೀ. ತೂತಿಗೆ ಕೊಯ್ದು ಸಣ್ಣ ಎಳೆ ಬಿಟ್ಟು, ಒದ್ದೆ ಬೆರಳಲ್ಲಿ ಒಂದೇ ಎಳೆತಕ್ಕೆ ತಗ್ಗುಗಳಿಗೆ ಒತ್ತಿ. ಟೇಪಿನ ಮೇಲೆ ದಪ್ಪ ನಿಲ್ಲಬಾರದು. ಸೀಲೆಂಟ್ ಹಸಿ ಇರುವಾಗಲೇ ಗೋಡೆಯ ಬಣ್ಣ ಬ್ರಷ್‌ನಲ್ಲಿ ಕೊಟ್ಟು, ಆ ಹಸಿ ಪಟ್ಟೆಯ ಮೇಲೆ 4 ಇಂಚಿನ ರೋಲರ್ ಆಡಿಸಿ. ಇಲ್ಲದಿದ್ದರೆ ಹೊಳಪಿನ ಬಣ್ಣದಲ್ಲಿ ಬ್ರಷ್ ಬಳಿದ ಪಟ್ಟೆ ಗೋಡೆಗೆ ಫ್ರೇಮ್ ಹಾಕಿದಂತೆ ಕಾಣುತ್ತದೆ. ಕೂಡಲೇ ಟೇಪನ್ನು 45 ಡಿಗ್ರಿಯಲ್ಲಿ, ಮರದ ಕಡೆಗೆ ನಿಧಾನವಾಗಿ ಎಳೆಯಿರಿ. ಸೀಲೆಂಟ್ ಕೆನೆ ಕಟ್ಟಿದ ಮೇಲೆ ಎಳೆದರೆ ರಬ್ಬರಿನಂತೆ ಹರಿದು ಗೆರೆ ಹಲ್ಲು ಹಲ್ಲಾಗುತ್ತದೆ. ಅದಕ್ಕೇ ಒಂದು ಸಲಕ್ಕೆ ಎಂಟು–ಹತ್ತು ಅಡಿ ಮಾತ್ರ. ಬೇಸಿಗೆಯಲ್ಲಿ ಸಿಗುವುದು ಕಾಲು ಗಂಟೆ, ಮಳೆಗಾಲದಲ್ಲಿ ಅದರ ದುಪ್ಪಟ್ಟು. ಮಳೆ ನಮಗೆ ಅನುಕೂಲ ಮಾಡಿಕೊಟ್ಟ ಕೆಲಸ ಇದೊಂದೇ.

ಕಡು ಬಣ್ಣದ ಗೋಡೆಯಲ್ಲಿ ಸೀಲೆಂಟಿನ ಬಿಳಿ ಇಣುಕುತ್ತದೆ. ಒಂದೇ ಕೋಟಿನಲ್ಲಿ ಅದನ್ನು ಮುಚ್ಚಲು ಸೀಲೆಂಟನ್ನು ತಟ್ಟೆಗೆ ಹಿಂಡಿ ಗೋಡೆಯ ಬಣ್ಣವನ್ನೇ ಬೆರೆಸುತ್ತೇನೆ. ಎಷ್ಟು, ಯಾವಾಗ ಎಂಬುದು ನನ್ನಲ್ಲೇ ಇರಲಿ. ಹೆಚ್ಚಾದರೆ ಸೀಲೆಂಟ್ ಕುಗ್ಗಿ ಬಿರುಕು ಬಿಡುತ್ತದೆ ಎಂದಷ್ಟೇ ಹೇಳಬಲ್ಲೆ.

ನಡುವೆ ಬೇರೆ ದಾರಿಗಳನ್ನೂ ನೋಡಿದೆ. ಹಳೇ ಎಕ್ಸ್‌ರೇ ಫಿಲ್ಮ್ ಅಡ್ಡ ಹಿಡಿದು ಬಳಿಯುವುದು ಸಾದಾ ಗೋಡೆಗೆ ಸೊಗಸು, ಟೆಕ್ಸ್ಚರಿನಲ್ಲಿ ಫಿಲ್ಮಿನ ಹಿಂದೆ ಬಣ್ಣ ಸೇರಿ ಮರಕ್ಕೆ ಮೆತ್ತುತ್ತದೆ. ಟೇಪಿನ ಬದಲು ಮರಕ್ಕೆ ವ್ಯಾಸಲೀನ್ ಸವರಿದರೆ ಅಂಚಿನಲ್ಲಿ ಸೀಲೆಂಟೂ ಹಿಡಿಯುವುದಿಲ್ಲ. ಚೆನ್ನಾಗಿ ಬಂದದ್ದು ಒಂದೇ: ಐನ್‌ಮನೆ (ಕೊಡವರ ಕುಟುಂಬದ ಮೂಲಮನೆ) ಮಾದರಿಯ ಕೆತ್ತನೆ ಚೌಕಟ್ಟಿನ ಸುತ್ತ ಟೆಕ್ಸ್ಚರನ್ನು ಮುಕ್ಕಾಲು ಇಂಚು ನಿಲ್ಲಿಸಿ, ಸಾದಾ ಪಟ್ಟೆ ಬಿಟ್ಟದ್ದು. ಕೆತ್ತನೆ ಎದ್ದು ಕಾಣುತ್ತದೆ, ಕೆಲಸವೂ ಅರ್ಧ.

ಟೇಪನ್ನು ರಾತ್ರಿಯಿಡೀ ಬಿಡಬೇಡಿ. ಅಗ್ಗದ ಟೇಪಿನ ಅಂಟು ಪಾಲಿಶ್ ಮೇಲೆ ಉಳಿದರೆ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ, ಟಿನ್ನರ್ ಮುಟ್ಟಿದರೆ ಪಾಲಿಶ್ ಮಂಕಾಗುತ್ತದೆ. 400 ಅಡಿಗೆ ಏಳು ಸೀಲೆಂಟ್ ಟ್ಯೂಬ್, ಮೂರು ಸುರುಳಿ ಟೇಪ್ ಹೋಯಿತು. ಅಡಿಗೆ ಆರು ರೂಪಾಯಿ ಆಸುಪಾಸು ಸಾಮಾನಿಗೆ, ಕೂಲಿ ಬೇರೆ. ಕೈ ಕಟಿಂಗಿಗೆ ಇಬ್ಬರಿಗೆ ಐದು ದಿನ ಹಿಡಿಯುತ್ತಿದ್ದದ್ದು ಮೂರಕ್ಕೆ ಇಳಿಯಿತು.