ಆರ್‌ಗೆ ಗುಂಟೆ ಲೆಕ್ಕ ಗೊತ್ತಿಲ್ಲ, ನನಗೂ ನೆನಪಾಗಲಿಲ್ಲ

ಪಿಎಚ್‌ಡಿ ಮಾಡ್ತಿದ್ದಾಗ, 2023ರಲ್ಲಿ, ಆರ್ ಅನ್ನೋ ಸ್ಟಾಟಿಸ್ಟಿಕ್ಸ್ ಸಾಫ್ಟ್‌ವೇರ್‌ನಲ್ಲಿ ಎರಡು ವಾರ ಒಂದೇ ಒಂದು ರಿಗ್ರೆಶನ್ (ಒಂದು ಸಂಖ್ಯೆ ಬೇರೆ ಸಂಖ್ಯೆಗಳ ಜೊತೆ ಹೇಗೆ ಏರಿಳಿಯುತ್ತೆ ಅಂತ ಅಳೆಯೋ ಲೆಕ್ಕ) ಜೊತೆ ಗುದ್ದಾಡಿದ್ದು ಬರೀತಿದೀನಿ. ಅದರಲ್ಲಿ ಮೂರು ದಿನ ಒಂದು ಪ್ಯಾಕೇಜ್ (ಆರ್‌ಗೆ ಆಮೇಲೆ ಸೇರಿಸ್ಕೊಳ್ಳೋ ಕಟ್ಟು) ಇನ್‌ಸ್ಟಾಲ್ ಮಾಡೋದಕ್ಕೇ ಹೋಯ್ತು, ಆಮೇಲೆ ನೋಡಿದ್ರೆ ಆ ಪ್ಯಾಕೇಜೇ ಬೇಕಾಗಿರಲಿಲ್ಲ. ಆರ್ ಕಲೀತಿರೋರು, ಅದರಲ್ಲೂ ನಮ್ಮ ಕಡೆ ರೈತರ ಸರ್ವೆ ಡೇಟಾ ಇಟ್ಕೊಂಡು ಕೂತಿರೋರು ಯಾರಾದ್ರೂ ಇದ್ರೆ ಉಪಯೋಗ ಆಗಬಹುದು.

ಡೇಟಾ ಮಧುಗಿರಿ ಕಡೇದು. ಸುಮಾರು 180 ಮನೆ. ಒಂದೊಂದು ಮನೆಗೂ ಖುಷ್ಕಿ (ಮಳೆ ನಂಬಿದ ಹೊಲ) ಎಷ್ಟು, ತರಿ (ನೀರಾವರಿ ಗದ್ದೆ) ಎಷ್ಟು, ಬಾಗಾಯ್ತು (ತೋಟ) ಎಷ್ಟು, ಒಟ್ಟು ಜಮೀನೆಷ್ಟು, ಸಾಲ ಎಷ್ಟು, ದುಡಿಯೋ ಕೈ ಎಷ್ಟು, ಕೊನೆಗೆ ಬೇಸಾಯದಿಂದ ವರ್ಷಕ್ಕೆ ಬಂದ ಆದಾಯ. ಆದಾಯದ ಮೇಲೆ ಉಳಿದದ್ದೆಲ್ಲ ಹಾಕಿ ಎಲ್‌ಎಂ (ಆರ್‌ನಲ್ಲಿ ರಿಗ್ರೆಶನ್ ಮಾಡೋ ಕಮಾಂಡ್) ಓಡಿಸೋದು, ಅಷ್ಟೇ ಕೆಲಸ. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತೆ ಅಂದ್ಕೊಂಡಿದ್ದೆ.

ಲ್ಯಾಬ್‌ನಲ್ಲಿದ್ದ ಕಂಪ್ಯೂಟರ್ ವಿಂಡೋಸು, ಅದರಲ್ಲಿ ಆರ್ 3.6, ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಎಕ್ಸೆಲ್‌ನಿಂದ ಸಿಎಸ್‌ವಿ (ಬರೀ ಅಕ್ಷರದ ಫೈಲು) ಮಾಡಿ ಒಳಗೆ ತಗೊಂಡೆ. ಮೊದಲನೇ ಸಲವೇ ಫೈಲ್ ಪಾತ್ ಬೈಸ್ಕೊಂಡ್ತು, ಯಾಕಂದ್ರೆ ವಿಂಡೋಸ್ ಕೊಡೋ ಹಿಂದಕ್ಕೆ ವಾಲಿದ ಗೆರೆನ ಹಾಗೇ ಕಾಪಿ ಮಾಡಿದ್ದೆ, ಯೂಸರ್ಸ್ ಫೋಲ್ಡರಿನ ‘ಯು’ ಮುಂದೆ ಆ ಗೆರೆ ಬಂದ್ರೆ ಆರ್ ಅದನ್ನ ಯೂನಿಕೋಡ್ ಅಕ್ಷರ ಅಂತ ತಿಳ್ಕೊಳ್ಳುತ್ತೆ, ಗೆರೆ ತಿರುಗಿಸಿ ಹಾಕಿದ್ರೆ ಸರಿ. ಊರಿನ ಹೆಸರೆಲ್ಲ ಕನ್ನಡದಲ್ಲಿ ಟೈಪ್ ಆಗಿತ್ತು, ಕೊಡಿಗೇನಹಳ್ಳಿ ಇರಬೇಕಾದ ಜಾಗದಲ್ಲಿ ‘ಯು ಪ್ಲಸ್ 0ಸಿ95’ ಅಂತ ಶುರುವಾಗಿ ಉದ್ದಕ್ಕೆ ಕೋಡ್ ಬಂತು. ವಿಂಡೋಸ್‌ನಲ್ಲಿ 4.2ಕ್ಕಿಂತ ಹಳೆ ಆರ್ ಇದ್ರೆ ಕನ್ನಡ ಹೀಗೇ ಆಗೋದು. ಊರಿನ ಹೆಸರು ಮಾಡೆಲ್‌ಗೆ ಬೇಡ ಅಂತ ಕಣ್ಣು ಮುಚ್ಕೊಂಡು ಮುಂದೆ ಹೋದೆ.

ರಿಸಲ್ಟ್ ನೋಡಿ ಮಾತ್ರ ಖುಷಿಯೋ ಖುಷಿ, ಆರ್-ಸ್ಕ್ವೇರ್, ಅಂದ್ರೆ ಮಾಡೆಲ್ ಡೇಟಾಗೆ ಎಷ್ಟು ಹೊಂದುತ್ತೆ ಅನ್ನೋ ಅಂಕಿ, ಒಂದರ ಹತ್ತಿರ! ಪ್ರಿಂಟ್ ತಗೊಂಡು ಗೈಡ್ ಹತ್ರ ಓಡಿದೆ, ಪ್ರಿಂಟ್ ನಾಲ್ಕು ಪುಟ ಯಾಕೆ ಬಂತು ಅಂತ ಕೂಡ ಯೋಚನೆ ಮಾಡಲಿಲ್ಲ. ಸರ್ ಎರಡನೇ ಪುಟ ತಿರುಗಿಸಿ, "ಏನಮ್ಮ ಇದು, ನಿನ್ನ ರೈತರೆಲ್ಲ ಫಾರ್ಮುಲಾ ನೋಡ್ಕೊಂಡು ಬೇಸಾಯ ಮಾಡ್ತಾರಾ?" ಅಂದ್ರು. ಸಾಲ ಅನ್ನೋ ಕಾಲಂ ಒಂದೇ ಲೈನಲ್ಲಿ ಬರಬೇಕಿತ್ತು, ಬಂದಿದ್ದು ಸಾಲ 1,20,000ಕ್ಕೆ ಒಂದು ಕೋಎಫಿಶಿಯೆಂಟು (ಅದರಿಂದ ಆದಾಯ ಎಷ್ಟು ಏರುತ್ತೆ ಇಳಿಯುತ್ತೆ ಅನ್ನೋ ಅಂಕಿ), ಸಾಲ 1,25,000ಕ್ಕೆ ಇನ್ನೊಂದು, ಹಿಂಗೆ ನೂರರ ಮೇಲೆ. ಎಕ್ಸೆಲ್ ಸಿಎಸ್‌ವಿ ಮಾಡುವಾಗ ಸ್ಕ್ರೀನಲ್ಲಿ ಕಾಣೋ ಹಾಗೇ ಬರೀತದೆ, ಕಾಮಾ ಸಮೇತ. ಕಾಮಾ ಇದ್ರೆ ಆರ್‌ಗೆ ಅದು ನಂಬರ್ ಅಲ್ಲ, ಒಂದು ಹೆಸರು, ಹೆಸರಾದ್ಮೇಲೆ ಪ್ರತಿ ಹೆಸರಿಗೂ ಒಂದೊಂದು ಡಮ್ಮಿ ವೇರಿಯಬಲ್, ಅಂದ್ರೆ ಆ ಹೆಸರು ಇದ್ರೆ 1, ಇಲ್ದಿದ್ರೆ 0. ನೂರ ಎಂಬತ್ತು ಮನೆಗೆ ನೂರ ಚಿಲ್ಲರೆ ಡಮ್ಮಿ ಹಾಕಿದ್ರೆ ಆರ್-ಸ್ಕ್ವೇರ್ ಏರದೆ ಇನ್ನೇನಾಗುತ್ತೆ.

ಸರಿ ಮಾಡ್ತೀನಿ ಅಂತ ಬಂದು ಆ ಕಾಲಂ ಮೇಲೆ ನೇರ ಆ್ಯಸ್ ಡಾಟ್ ನ್ಯೂಮರಿಕ್ (ನಂಬರ್ ಮಾಡೋ ಕಮಾಂಡ್) ಹಾಕಿದೆ, ಎರರ್ ಬರಲಿಲ್ಲ, ಮಾಡೆಲ್ ಚಿಕ್ಕದಾಯ್ತು, ನೆಮ್ಮದಿ. ಏನೋ ಅನುಮಾನ ಬಂದು ಡೇಟಾ ಮೇಲೆ ಕಣ್ಣಾಡಿಸಿದ್ರೆ ಲಕ್ಷದ ಇಪ್ಪತ್ತೈದು ಸಾವಿರ ಸಾಲ ಮಾಡಿದ್ದ ಮನುಷ್ಯನ ಹೆಸರಲ್ಲಿ ಸಾಲ 17 ಅಂತಿದೆ! ಪುಣ್ಯಾತ್ಮ, ಯಾವ ಸರ್ಕಾರವೂ ಮಾಡದಂಥ ಸಾಲಮನ್ನಾ. ಹಳೆ ಆರ್ ಈ ಥರ ಕಾಲಂನ ಫ್ಯಾಕ್ಟರ್ (ಕ್ರಮಸಂಖ್ಯೆ ಹಾಕಿದ ಹೆಸರುಗಳ ಪಟ್ಟಿ, ಒಂದೊಂದು ಹೆಸರೂ ಒಂದು ಲೆವೆಲ್) ಮಾಡಿ ಇಟ್ಕೊಂಡಿರುತ್ತೆ, ಅದನ್ನ ನೇರ ನಂಬರ್ ಮಾಡಿದ್ರೆ ಸಿಗೋದು ಲೆವೆಲ್‌ನ ಕ್ರಮಸಂಖ್ಯೆ, ಒಳಗಿರೋ ಮೊತ್ತ ಅಲ್ಲ. ಮೊದಲು ಜಿಸಬ್ ಅನ್ನೋ ಕಮಾಂಡ್‌ನಿಂದ ಕಾಮಾ ಕಿತ್ತು ಆಮೇಲೆ ನಂಬರ್ ಮಾಡಬೇಕು. ಆರ್ 4.0ಯಿಂದ ಈಚೆಗೆ ತಾನಾಗೇ ಫ್ಯಾಕ್ಟರ್ ಮಾಡಲ್ಲ, ಆದ್ರೆ ಕಾಮಾ ಇರೋ ಕಾಲಂನ ಎಲ್‌ಎಂಗೆ ಕೊಟ್ರೆ ಡಮ್ಮಿ ಮೆರವಣಿಗೆ ಈಗಲೂ ಹೊರಡುತ್ತೆ.

ಇಷ್ಟೆಲ್ಲ ಆದ್ಮೇಲೆ ಬಂದ ರಿಸಲ್ಟೂ ವಿಚಿತ್ರ. ಖುಷ್ಕಿ ಜಾಸ್ತಿ ಆದ್ರೆ ಆದಾಯ ಕಮ್ಮಿ, ತರಿ ಜಾಸ್ತಿ ಆದ್ರೂ ಕಮ್ಮಿ, ಒಟ್ಟು ಜಮೀನು ಜಾಸ್ತಿ ಆದ್ರೆ ಮಾತ್ರ ಆಕಾಶಕ್ಕೆ. ಸರ್ ಫೋನಲ್ಲೇ "ಮಲ್ಟಿಕೊಲಿನಿಯಾರಿಟಿ ಇದೆ, ವಿಐಎಫ್ ನೋಡಮ್ಮ" ಅಂದು ಇಟ್ರು. ವೇರಿಯಬಲ್‌ಗಳು ಒಂದಕ್ಕೊಂದು ಅಂಟ್ಕೊಂಡಿರೋದು ಮಲ್ಟಿಕೊಲಿನಿಯಾರಿಟಿ, ಎಷ್ಟು ಅಂಟಿವೆ ಅಂತ ಅಳೆಯೋದು ವಿಐಎಫ್. ವಿಐಎಫ್ ಅಂದ್ರೆ ‘ಕಾರ್’ ಅನ್ನೋ ಪ್ಯಾಕೇಜ್ ಬೇಕು ಅಂತ ಸೀನಿಯರ್ ಒಬ್ಬರು ಹೇಳಿದ್ರು. ಅಲ್ಲಿಂದ ಶುರುವಾಯ್ತು ನನ್ನ ಗ್ರಹಚಾರ.

ಇನ್‌ಸ್ಟಾಲ್ ಅಂತ ಕೊಟ್ಟೆ. ಕೆಂಪು ಅಕ್ಷರ ಸುರಿಯೋಕೆ ಶುರುವಾಯ್ತು, ಕೊನೇ ಸಾಲಲ್ಲಿ ‘ನಾನ್-ಜೀರೋ ಎಕ್ಸಿಟ್ ಸ್ಟೇಟಸ್’. ಆ ಕೊನೇ ಸಾಲನ್ನೇ ಹುಡುಕ್ತಾ ಅರ್ಧ ದಿನ ಕಳೆದೆ, ಅದೊಂದು ದಡ್ಡತನ, ಯಾಕಂದ್ರೆ ಆ ಸಾಲಿಗೆ ‘ಆಗಲಿಲ್ಲ’ ಅನ್ನೋದು ಬಿಟ್ಟು ಬೇರೆ ಅರ್ಥ ಇಲ್ಲ. ಯಾಕಾಗಲಿಲ್ಲ ಅನ್ನೋದು ಮೇಲೆಲ್ಲೋ ಇರುತ್ತೆ, ಮೊದಲನೇ ಎರರ್ ಎಲ್ಲಿದೆ ಅಂತ ಸ್ಕ್ರೋಲ್ ಮಾಡಿ ನೋಡಬೇಕು. ಹಂಗೆ ನೋಡಿದಾಗ ಸಿಕ್ಕಿದ್ದು: ‘ಪಿಬಿಕೆಆರ್‌ಟೆಸ್ಟ್’ ಅನ್ನೋ ಇನ್ನೊಂದು ಪ್ಯಾಕೇಜ್ ಸಿಗ್ತಿಲ್ಲ. ನನ್ನ ಮಾಡೆಲ್‌ಗೂ ಅದಕ್ಕೂ ಏನೂ ಸಂಬಂಧ ಇಲ್ಲ, ಆದ್ರೆ ಕಾರ್‌ಗೆ ಅದು ಬೇಕು, ಅದಕ್ಕೆ ‘ಎಲ್‌ಎಂಇ4’ ಬೇಕು, ಅದಕ್ಕೆ ‘ಎನ್‌ಎಲ್‌ಆಪ್ಟ್‌ಆರ್’ ಬೇಕು. ಮದುವೆಗೆ ಒಬ್ಬರನ್ನ ಕರೆದ್ರೆ ಇಡೀ ಬೀದಿ ಬಂದಂಗೆ. ಬೀದೀಲಿ ಒಬ್ಬರು ಹೊಸ ಆರ್ ಇಲ್ದೆ ಬರಲ್ಲ ಅಂದ್ರೂ ಮದುವೆ ನಿಂತೋಗುತ್ತೆ. ಪಿಬಿಕೆಆರ್‌ಟೆಸ್ಟ್‌ನ ಹೊಸ ಆವೃತ್ತಿಗೆ ನನ್ನ 3.6 ಸಾಲದು, ವಿಷಯ ಇಷ್ಟೇ.

ಇದರ ಮಧ್ಯೆ ಇನ್ನೊಂದು ಪ್ರಶ್ನೆ ಕೇಳ್ತಿತ್ತು, ಬೈನರಿ (ಸಿದ್ಧ ಮಾಡಿಟ್ಟ ಪ್ಯಾಕೇಜ್) ಇದೆ ಆದ್ರೆ ಸೋರ್ಸ್ (ಮೂಲ ಕೋಡ್) ಅದಕ್ಕಿಂತ ಹೊಸದು, ಸೋರ್ಸ್‌ನಿಂದ ಹಾಕಲಾ ಅಂತ. ಹೊಸದು ಅಂದ್ರೆ ಒಳ್ಳೇದೇ ಇರಬೇಕು ಅಂತ ಪ್ರತಿ ಸಲ ಎಸ್ ಒತ್ತಿದೆ. ವಿಂಡೋಸ್‌ನಲ್ಲಿ ಆರ್‌ಟೂಲ್ಸ್ ಅನ್ನೋ ಸಲಕರಣೆ ಇಲ್ದೆ ಕಂಪೈಲ್ ಆಗಬೇಕಾದ ಪ್ಯಾಕೇಜ್ ಸೋರ್ಸ್‌ನಿಂದ ಹಾಕೋಕಾಗಲ್ಲ, ಆರ್‌ಟೂಲ್ಸ್ ಹಾಕೋಕೆ ಮನಸ್ಸಿಲ್ದಿದ್ರೆ ಅಲ್ಲಿ ನೋ ಅನ್ನಬೇಕು, ಸ್ವಲ್ಪ ಹಳೇದಾದ್ರೂ ಕೆಲಸ ಮಾಡೋ ಬೈನರಿ ಸಿಗುತ್ತೆ. ಇನ್ನೊಂದು ಸಲ ಪರ್ಮಿಷನ್ ಡಿನೈಡ್. ಲೈಬ್ರರಿ ಫೋಲ್ಡರ್ ಡಾಕ್ಯುಮೆಂಟ್ಸ್ ಒಳಗಿತ್ತು, ಡಾಕ್ಯುಮೆಂಟ್ಸ್ ಕ್ಲೌಡ್‌ಗೆ ಸಿಂಕ್ ಆಗ್ತಿತ್ತು, ಆರ್ ಬರೀತಿರೋ ಫೈಲನ್ನೇ ಅದು ಹಿಡ್ಕೊಂಡು ಕೂತಿತ್ತು. ಅರ್ಧಕ್ಕೆ ನಿಂತ ಇನ್‌ಸ್ಟಾಲ್ ‘00ಲಾಕ್’ ಅಂತ ಶುರುವಾಗೋ ಫೋಲ್ಡರ್ ಬಿಟ್ಟು ಹೋಗುತ್ತೆ, ಆರ್ ಎಲ್ಲ ಮುಚ್ಚಿ ಅದನ್ನ ಅಳಿಸೋ ತನಕ ಮುಂದಿನ ಸಲವೂ ಅದೇ ರಾಗ.

ಮೂರನೇ ದಿನ ಬುದ್ಧಿ ಬಂತು. ಆರ್‌ನ ಹೊಸ ಆವೃತ್ತಿ ಹಾಕೋಕೆ ಅಡ್ಮಿನ್ ಬೇಕಿಲ್ಲ, ನಮ್ಮದೇ ಫೋಲ್ಡರಿಗೆ ಹಾಕ್ಕೋಬಹುದು, ಇದು ಮೊದಲೇ ಗೊತ್ತಿದ್ರೆ ಎರಡು ದಿನ ಉಳೀತಿತ್ತು. 4.3 ಹಾಕಿದೆ. ಹಳೇ ಪ್ಯಾಕೇಜೆಲ್ಲ ಮಾಯ! ಗಾಬರಿ ಆಗಬೇಡಿ, 3.6ಕ್ಕೆ ಒಂದು ಲೈಬ್ರರಿ ಫೋಲ್ಡರ್, 4.3ಕ್ಕೆ ಬೇರೆ, ಡಾಟ್ ಲಿಬ್‌ಪಾತ್ಸ್ ಅಂತ ಕೇಳಿದ್ರೆ ಎಲ್ಲಿದೆ ಅಂತ ಹೇಳುತ್ತೆ. ಹಳೇ ಫೋಲ್ಡರ್ ಕಾಪಿ ಮಾಡಿ ಇಲ್ಲಿ ಸುರಿಯೋ ಆಸೆ ಬೇಡ, ಬೇಕಾದ್ದನ್ನ ಹೊಸದಾಗಿ ಹಾಕ್ಕೊಳ್ಳಿ. ವಿಂಡೋಸ್‌ನಲ್ಲಿ 4.2ರಿಂದ ಈ ಲೈಬ್ರರಿ ಡಾಕ್ಯುಮೆಂಟ್ಸ್ ಬಿಟ್ಟು ಆ್ಯಪ್‌ಡೇಟಾ ಒಳಗೆ ಹೋಗಿದೆ, ಹಾಗಾಗಿ ಸಿಂಕ್ ಕಾಟವೂ ತಪ್ತು. ಕಾರ್ ಒಂದೇ ಸಲಕ್ಕೆ ಕೂತ್ಕೊಂಡ್ತು, ಕೊಡಿಗೇನಹಳ್ಳಿನೂ ಕನ್ನಡದಲ್ಲಿ ಕಾಣಿಸ್ತು.

ಜಂಬದಿಂದ ಸರ್‌ಗೆ ಹೋಗಿ ಹೇಳಿದೆ, ಸಾರ್ ಮೂರು ದಿನ ಆಯ್ತು, ಆದ್ರೂ ಹಾಕಿಬಿಟ್ಟೆ ಅಂತ. ಅವರು ಬೋರ್ಡ್ ಮೇಲೆ ಒಂದು ಗೆರೆ ಎಳೆದು ಮೇಲೆ 1, ಕೆಳಗೆ 1 ಮೈನಸ್ ಆರ್-ಸ್ಕ್ವೇರ್ ಬರೆದ್ರು. ಒಂದು ವೇರಿಯಬಲ್‌ನ ಉಳಿದವುಗಳ ಮೇಲೆ ರಿಗ್ರೆಸ್ ಮಾಡು, ಬಂದ ಆರ್-ಸ್ಕ್ವೇರ್ ಇಲ್ಲಿ ಹಾಕು, ಅದೇ ವಿಐಎಫ್. "ಇದಕ್ಕೆ ಪ್ಯಾಕೇಜ್ ಯಾಕಮ್ಮ?" ಅಂದ್ರು. ನಾನು ಏನೂ ಮಾತಾಡಲಿಲ್ಲ.

ವಿಐಎಫ್ ಭಾರೀ ದೊಡ್ಡದೇ ಬಂತು, ಅದರಲ್ಲೇನೂ ಆಶ್ಚರ್ಯ ಇಲ್ಲ, ಖುಷ್ಕಿ ತರಿ ಬಾಗಾಯ್ತು ಮೂರೂ ಕೂಡಿದ್ರೆ ತಾನೇ ಒಟ್ಟು ಜಮೀನು. ಆದ್ರೆ ರಾತ್ರಿ ಮಲಗಿದಾಗ ಒಂದು ಅನುಮಾನ ಕೊರೆಯೋಕೆ ಶುರುವಾಯ್ತು. ಮೂರೂ ಕೂಡಿದ್ರೆ ಸರಿಯಾಗಿ ಒಟ್ಟಿಗೆ ಸಮ ಆಗೋ ಹಾಗಿದ್ರೆ ಆರ್ ಒಂದು ಕೋಎಫಿಶಿಯೆಂಟನ್ನೇ ಬಿಟ್ಟುಬಿಡಬೇಕಿತ್ತು, ಎನ್‌ಎ (ಬೆಲೆ ಇಲ್ಲ) ಅಂತ ತೋರಿಸಿ ‘ಸಿಂಗ್ಯುಲಾರಿಟಿ’ ಅಂತ ಒಂದು ಸಾಲು ಹಾಕಬೇಕಿತ್ತು. ಯಾಕೆ ಹಾಕಲಿಲ್ಲ?

ಬೆಳಗ್ಗೆ ಎದ್ದು ಒಟ್ಟಿನಿಂದ ಮೂರನ್ನೂ ಕಳೆದು ಟೇಬಲ್ ಹಾಕಿ ನೋಡಿದೆ. ಬಹಳ ಮನೆಗಳಿಗೆ 0. ಉಳಿದ ಬಹಳ ಜನಕ್ಕೆ 0.6. ಕೆಲವರಿಗೆ 1.2. ಯಾವ ಜಮೀನು ಎಲ್ಲರ ಮನೇಲೂ ಕರೆಕ್ಟಾಗಿ 0.6 ಹೆಚ್ಚಿರುತ್ತೆ ಹೇಳಿ? ಒಂದು ಫಾರಂ ತೆಗೆದೆ. ಖುಷ್ಕಿ 2.20, ತರಿ 1.30, ಒಟ್ಟು 4.10. ಹಣೆ ಹಣೆ ಚಚ್ಕೊಂಡೆ. ಎರಡು ಎಕರೆ ಇಪ್ಪತ್ತು ಗುಂಟೆ, ಒಂದು ಎಕರೆ ಮೂವತ್ತು ಗುಂಟೆ, ಕೂಡಿದ್ರೆ ಮೂರು ಎಕರೆ ಐವತ್ತು ಗುಂಟೆ, ಅಂದ್ರೆ ನಾಲ್ಕು ಎಕರೆ ಹತ್ತು. ನಲವತ್ತು ಗುಂಟೆಗೆ ಎಕರೆ, ಪಹಣಿ ನೋಡಿ ಬೆಳೆದವಳು ನಾನು! ಆರ್‌ಗೆ 2.20 ಅಂದ್ರೆ ಎರಡು ಮತ್ತು ಐದನೇ ಒಂದು ಭಾಗ, ನಿಜವಾಗಿ ಅದು ಎರಡೂವರೆ ಎಕರೆ. ಗುಂಟೆ ನಲವತ್ತು ದಾಟಿ ಎಕರೆಗೆ ದಶಕ ಹೋದ ಪ್ರತಿ ಕಡೆ 0.40 ಹೋಗಿ 1 ಬರುತ್ತೆ, ವ್ಯತ್ಯಾಸ 0.6.

ಅಂದ್ರೆ ಇಷ್ಟು ದಿನ ಒಟ್ಟು ಜಮೀನಿನ ಮುಂದೆ ಬರ್ತಿದ್ದ ಆ ದೊಡ್ಡ ಕೋಎಫಿಶಿಯೆಂಟ್ ಜಮೀನಿಂದಲ್ಲ, ಯಾರ ಲೆಕ್ಕದಲ್ಲಿ ದಶಕ ಹೋಗಿದೆ ಯಾರದ್ದರಲ್ಲಿ ಹೋಗಿಲ್ಲ ಅನ್ನೋದರದ್ದು. ಅದನ್ನ ನಾನು ಥೀಸಿಸ್‌ನಲ್ಲಿ ವಿವರಿಸೋಕೆ ಹೊರಟಿದ್ದೆ.

ಎಕರೆ ಸಹವಾಸವೇ ಬೇಡ ಅಂತ ಎಲ್ಲ ಗುಂಟೆಗೆ ತಂದೆ. ಪೂರ್ಣಾಂಕವನ್ನ 40ರಿಂದ ಗುಣಿಸಿ, ದಶಾಂಶವನ್ನ 100ರಿಂದ ಗುಣಿಸಿ ಕೂಡಿಸೋದು, ಕೂಡಿಸೋ ಮುಂಚೆ ರೌಂಡ್ ಮಾಡಲೇಬೇಕು, ಇಲ್ದಿದ್ರೆ ಕಂಪ್ಯೂಟರಿನ ದಶಾಂಶದಲ್ಲಿ 20ರ ಬದಲು 20ರ ಪಕ್ಕದ್ದು ಯಾವುದೋ ಸಿಗುತ್ತೆ. ಆಮೇಲೆ ಮತ್ತೆ ಕಳೆದು ನೋಡಿದೆ, ಬಹುಪಾಲು ಸೊನ್ನೆ, ಒಂದಷ್ಟು ಸಾಲಲ್ಲಿ 9, 18, 27 ಗುಂಟೆ ವ್ಯತ್ಯಾಸ. ಎಲ್ಲ ಒಂಬತ್ತರ ಮಗ್ಗಿ. ಟೈಪ್ ಮಾಡಿದವರು ಎರಡು ಎಕರೆ ಮೂರು ಗುಂಟೆನ 2.03 ಅನ್ನೋ ಬದಲು 2.3 ಅಂತ ಹೊಡೆದಿದ್ರು, ಎಕ್ಸೆಲ್ ಬೇರೆ 2.30ರ ಸೊನ್ನೆ ನುಂಗಿ 2.3 ಮಾಡುತ್ತೆ, ಮೂರೋ ಮೂವತ್ತೋ ಫಾರಂ ನೋಡದೆ ಗೊತ್ತಾಗಲ್ಲ. ಫಾರಂ ಕಟ್ಟು ಬಿಚ್ಚಿ ಒಂದೊಂದೇ ತಿದ್ದಿದೆ. ಖರಾಬು (ಬೇಸಾಯಕ್ಕೆ ಬಾರದ ಜಾಗ) ಸೇರಿಸಿ ಒಟ್ಟು ಬರೆಸಿದ್ದವರದ್ದು ಖರಾಬು ಕಳೆದೆ. ಎರಡು ಸಾಲು ಫಾರಂನಲ್ಲೂ ಅರ್ಥ ಆಗಲಿಲ್ಲ, ಸದ್ಯಕ್ಕೆ ಖಾಲಿ ಬಿಟ್ಟೆ.

ಮತ್ತೆ ಎಲ್‌ಎಂ. ಈ ಸಲ ಒಟ್ಟು ಜಮೀನಿನ ಮುಂದೆ ಎನ್‌ಎ! ಎನ್‌ಎ ನೋಡಿ ಇಷ್ಟು ಖುಷಿಪಟ್ಟವರು ಇನ್ಯಾರೂ ಇರಲಿಕ್ಕಿಲ್ಲ. ಮೂರು ದಿನ ಕಾದು ಹಾಕಿದ ಕಾರ್‌ನ ವಿಐಎಫ್ ಓಡಿಸಿದ್ರೆ ಅದು ‘ಅಲಿಯಾಸ್ಡ್ ಕೋಎಫಿಶಿಯೆಂಟ್’ (ಉಳಿದವನ್ನ ಕೂಡಿದ್ರೇ ಪೂರ್ತಿ ಸಿಗೋದು) ಇದೆ, ಆಗಲ್ಲ ಅಂತ ಕೈಯೆತ್ತಿತು. ಒಟ್ಟು ಜಮೀನು ತೆಗೆದುಹಾಕಿದೆ, ಖುಷ್ಕಿನೂ ತರಿನೂ ನೆಟ್ಟಗೆ ಪ್ಲಸ್‌ಗೆ ಬಂದ್ವು, ಬಾಗಾಯ್ತು ಅವೆರಡಕ್ಕಿಂತ ಮೇಲೆ. ಸಮ್ಮರಿ ಕೆಳಗಡೆ ಮಿಸ್ಸಿಂಗ್‌ನಿಂದಾಗಿ 2 ಸಾಲು ಬಿಟ್ಟಿದೀನಿ ಅಂತ ಸಣ್ಣದಾಗಿ ಬರೆದಿತ್ತು, ಆ ಸಾಲನ್ನ ಯಾವಾಗಲೂ ಓದಿ, ಎಲ್‌ಎಂ ಖಾಲಿ ಇರೋ ಸಾಲನ್ನ ಕೇಳದೇ ಬಿಟ್ಟುಬಿಡುತ್ತೆ.

ಆ ಎರಡರಲ್ಲಿ ಒಂದರಲ್ಲಿ ಖುಷ್ಕಿ 2.5 ಅಂತಿತ್ತು. ಐವತ್ತು ಗುಂಟೆ ಅಂತೂ ಇರೋಕಾಗಲ್ಲ, ಎರಡು ಎಕರೆ ಐದು ಗುಂಟೆನೋ ಎರಡೂವರೆ ಎಕರೆನೋ. ಫಾರಂ ಮೇಲಿದ್ದ ನಂಬರ್‌ಗೆ ಫೋನ್ ಮಾಡಿ ನಾನ್ಯಾರು ಅಂತ ನೆನಪಿಸಿ ಕೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ನಿದ್ದು, "ಎರಡೂವರೆನೇ ಕಣವ್ವ, ಆದ್ರೆ ಅದರಾಗೆ ನಮ್ಮ ತಮ್ಮ ಐದು ಗುಂಟೆ ಒತ್ತುವರಿ ಮಾಡವ್ನೆ, ಅದುನ್ನ ಎಂಗ್ ಬರ್ಕೊಂತಿಯ ಬರ್ಕೊ" ಅಂದ್ರು.

ನೂರು ಗುಂಟೆ ಅಂತಲೇ ಬರ್ಕೊಂಡೆ.