ಮೊದಲು ಡಂಪ್ಲಿಂಗ್, ಆಮೇಲೆ ಸತ್ಯವೇದ

ನಾನು ಮಂಗಳೂರಿನವನು, ಈಗ ಇರುವುದು ಮ್ಯಾಂಚೆಸ್ಟರಿನಲ್ಲಿ. ಇಲ್ಲಿನ ನಮ್ಮ ಕ್ರೈಸ್ತ ಸಭೆಯಲ್ಲಿ (ಚರ್ಚ್) ಚೀನೀ ವಿದ್ಯಾರ್ಥಿಗಳ ಶುಕ್ರವಾರದ ಕೂಟಕ್ಕೆ ಜನ ಬೇಕು ಅಂದಾಗ ಸುಮ್ನೆ ಕೈ ಎತ್ತಿದೆ. ಚೀನೀ ಭಾಷೆ ಒಂದಕ್ಷರ ಬರುತ್ತಿರಲಿಲ್ಲ.

ಶುರುವಿನಲ್ಲಿ ಸತ್ಯವೇದದ ಪಾಠ ಬರೆದುಕೊಂಡು ಹೋಗುತ್ತಿದ್ದೆ, ಯಾರೂ ಬಾಯಿ ಬಿಡುತ್ತಿರಲಿಲ್ಲ. ಡಂಪ್ಲಿಂಗ್, ಅಂದರೆ ಹೂರಣ ತುಂಬಿದ ಚೀನೀ ಕಡುಬು, ಮಡಿಸಲು ಕೂತ ದಿನ ಮಾತು ಬಂತು. ಕರ್ಜಿಕಾಯಿ ಮಡಿಸಿ ರೂಢಿಯಿದ್ದ ನನ್ನ ಹೆಂಡತಿ ಪಾಸಾದಳು, ನಾನು ಮಡಿಸಿದವು ಕುದಿಯುವ ನೀರಿಗೆ ಬಿದ್ದ ಕೂಡಲೇ ಬಾಯಿ ಬಿಟ್ಟವು.

ಅವತ್ತೇ ಒಬ್ಬಳು ಕೇಳಿದಳು, "ಅಂಕಲ್, ನಾನು ಕ್ರೈಸ್ತಳಾದರೆ ಛಿಂಗ್‌ಮಿಂಗ್ ಹಬ್ಬಕ್ಕೆ ಅಜ್ಜನ ಸಮಾಧಿ ಗುಡಿಸಲು ಹೋಗಬಹುದಾ?" ಚೀನೀಯರು ಹಿರಿಯರನ್ನು ನೆನೆಯುವ ಹಬ್ಬ ಅದು. ನನಗೆ ಗೊತ್ತಾಗಲಿಲ್ಲ. ಸಭೆಯ ಹಾಂಗ್‌ಕಾಂಗ್ ಅಜ್ಜಿಯೊಬ್ಬರ ಹತ್ತಿರ ಕಳಿಸಿದೆ. ಅವರು ದಕ್ಷಿಣ ಚೀನಾದ ಹಕ್ಕಾ ಸಮುದಾಯದವರು. 1834ರಲ್ಲಿ ನಮ್ಮ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನೇ 1847ರಲ್ಲಿ ಅವರ ಕಡೆಗೂ ಹೋಗಿತ್ತು, ಹಾಗಾಗಿ ಒಂಥರಾ ನೆಂಟರು! ಹರಕುಮುರುಕು ಮ್ಯಾಂಡರಿನ್‌ನಲ್ಲಿ ಅಜ್ಜಿ ಹೇಳಿದ್ದು ಇಷ್ಟೇ: ಗುಡಿಸು, ಹೂ ಇಡು, ಅಪ್ಪ ಅಮ್ಮನ ಜೊತೆ ನಿಲ್ಲು, ಸತ್ತವರಿಗೆಂದು ಕಾಗದದ ದುಡ್ಡು ಮಾತ್ರ ಸುಡಬೇಡ.

ನಾನು ಮಾಡಿದ ದೊಡ್ಡ ತಪ್ಪು ವೀಚಾಟ್‌ನಲ್ಲಿ, ಅಂದರೆ ಚೀನೀಯರ ವಾಟ್ಸಾಪ್‌ನಲ್ಲಿ. ಒಬ್ಬ ಹುಡುಗನ ದೀಕ್ಷಾಸ್ನಾನದ ಫೋಟೋವನ್ನು ಹೆಸರು ಸಮೇತ ಗುಂಪಿಗೆ ಹಾಕಿಬಿಟ್ಟೆ. ಅವನು ಪಕ್ಕಕ್ಕೆ ಕರೆದು, ದಯವಿಟ್ಟು ಅಳಿಸಿ ಅಂದ. ಅವನಪ್ಪ ಚೀನಾದ ಕಮ್ಯುನಿಸ್ಟ್ ಪಾರ್ಟಿ ಸದಸ್ಯ, ಪಾರ್ಟಿಯವರು ಯಾವ ಧರ್ಮವನ್ನೂ ನಂಬುವ ಹಾಗಿಲ್ಲ. ಅದೂ ಅಲ್ಲದೆ, 2022ರ ಮಾರ್ಚ್‌ನಿಂದ ಚೀನಾದಲ್ಲಿ ಆನ್‌ಲೈನ್ ಧರ್ಮಬೋಧನೆಗೆ ಸರ್ಕಾರದ ಪರವಾನಗಿ ಬೇಕು. ಅವತ್ತಿನಿಂದ ಫೋಟೋ ಬಂದ್.

ಇಲ್ಲಿ ಎಂ.ಎ. ಒಂದೇ ವರ್ಷ, ಆಮೇಲೆ ಜಾಸ್ತಿ ಜನ ವಾಪಸ್. ಹಾಗೆ ಮರಳಿದವರಿಗೆ ಅಲ್ಲಿ 'ಹಾಯ್‌ಗ್ವೇ' ಅನ್ನುತ್ತಾರೆ, ಕಡಲಾಮೆಗೂ ಅದೇ ಉಚ್ಚಾರ. ಕೆಲವರಿಗೆ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ, ವಾರಕ್ಕೆ ಆರು ದಿನ ಕೆಲಸ. ಸರ್ಕಾರದಲ್ಲಿ ನೋಂದಾಯಿಸಿದ ಸಭೆಗೆ ಹೋದರೆ ಜನಜಂಗುಳಿಯಲ್ಲಿ ಗುರುತು ಹಿಡಿಯುವವರಿಲ್ಲ, ನೋಂದಣಿಯಿಲ್ಲದೆ ಸೇರುವ ಮನೆಸಭೆಗೆ ಹೋಗಬೇಕಾದರೆ ಗೊತ್ತಿರುವವರು ಯಾರಾದರೂ ಕರೆದುಕೊಂಡು ಹೋಗಬೇಕು. ಊರಿಗೆ ಮರಳಿದವರಲ್ಲಿ ಎಷ್ಟೋ ಜನ ಸದ್ದಿಲ್ಲದೆ ನಂಬಿಕೆಯಿಂದ ಕಳಚಿಕೊಂಡರು. ಇದರಲ್ಲಿ ನಮ್ಮದೇ ತಪ್ಪು ಜಾಸ್ತಿ. ನಾವು ಕಲಿಸಿದ್ದೆಲ್ಲ ಇಂಗ್ಲಿಷ್ ಪ್ರಾರ್ಥನೆ, ಗಿಟಾರ್, ಪಿಜ್ಜಾ. ನಾನೇ ಇಷ್ಟು ವರ್ಷ ಇಲ್ಲಿದ್ದೂ ಕಷ್ಟ ಬಂದರೆ ಕನ್ನಡದಲ್ಲೇ ಪ್ರಾರ್ಥಿಸುವವನು, ಅಲ್ವಾ? ಈಗ ಹೊರಡುವ ಆರು ತಿಂಗಳ ಮೊದಲೇ ಸತ್ಯವೇದದ 1919ರ ಚೀನೀ ಯೂನಿಯನ್ ಅನುವಾದ ಕೈಗೆ ಕೊಟ್ಟು, ತಮ್ಮ ಭಾಷೆಯಲ್ಲೇ ಓದಿಕೊಳ್ಳಲಿ ಅಂತ ಇಬ್ಬಿಬ್ಬರನ್ನೇ ಕೂರಿಸಿ, ನಾನು ಟೀ ಮಾಡಲು ಎದ್ದು ಹೋಗುತ್ತೇನೆ.

ಸಮಾಧಿಯ ಪ್ರಶ್ನೆ ಕೇಳಿದ ಹುಡುಗಿ ಹೋದ ತಿಂಗಳು ಊರಿಂದ ಡಂಪ್ಲಿಂಗ್ ಫೋಟೋ ಕಳಿಸಿದಳು. ಮೇಜಿನ ಮೇಲೆ ಐದು ತಟ್ಟೆ ಇದ್ದವು. ನಾನು ಏನೂ ಕೇಳಲಿಲ್ಲ.